ಬೋಳೆತ್ತಿಗೆ ಸುಂಕವಿಲ್ಲ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎನ್ನುವ ಗಾದೆಯನ್ನು ನನ್ನ ಮುಖ ನೋಡಿಕೊಂಡೇ ಹೇಳಿ ನಕ್ಕವರಿಗೆ ಲೆಕ್ಕವಿಲ್ಲ. ತೆರಿಗೆ ಇಲಾಖೆಗೆ ಗುಮಾಸ್ತನಾಗಿ ಸೇರಿ, ಮೂವತ್ತೊಂದು ವರ್ಷ ಅಲ್ಲಿಯೇ ಸವೆದು ನಿವೃತ್ತನಾದವನು ನಾನು. ಹಾಗಾಗಿ ಹಂಪಿಯಲ್ಲಿ ನಿಂತರೂ ನನ್ನ ತಲೆಯಲ್ಲಿ ಸುಳಿಯುವುದು ಕಲ್ಲಿನ ರಥವಲ್ಲ, ಊರೊಳಗೆ ಬಂದ ಹೇರಿನ ಎತ್ತುಗಳಿಗೆ ಸುಂಕ ಎಷ್ಟಿತ್ತು ಎಂಬುದು.

ಹೋದ ಸಲ ಹೋದಾಗಲೂ ಗೈಡ್ ಅದೇ ಮಾತು ಹೇಳಿದ. ಇಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರಂತೆ. ನಾಲ್ಕನೆಯ ತರಗತಿಯಿಂದ ಕೇಳಿ ಕೇಳಿ ನನಗೆ ಆ ಸೇರಿನ ಮೇಲೆಯೇ ಸಿಟ್ಟು ಬಂದುಬಿಟ್ಟಿದೆ. ಮುತ್ತು ಕೊಳ್ಳುವವರು ಊರಿಗೆ ಎಷ್ಟು ಜನ ಇದ್ದಾರು? ಅದೇ ಸೇರಿನಲ್ಲಿ ಹುರುಳಿ ಅಳೆಸಿಕೊಂಡು ಹೋದವರ ಸುದ್ದಿಯೇ ಇಲ್ಲ.

ಸುಮಾರು 1535ರ ಹೊತ್ತಿಗೆ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಒಂದು ಸಂಗತಿ ನನಗೆ ಮುತ್ತಿಗಿಂತ ಪ್ರಿಯ. ನಗರದ ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರದಾವೊಗಳಿಗೆ ಗುತ್ತಿಗೆ ಕೊಡುತ್ತಿದ್ದರು. ಪರದಾವೊ ಎಂದು ಅವನು ಕರೆಯುವುದು ನಮ್ಮ ವರಹವನ್ನು. ಗುತ್ತಿಗೆ ಹಿಡಿದವನು ಕೇಳಿದಷ್ಟು ಕೊಡದೆ ಊರಿನವನಿಗೂ ಪರಸ್ಥಳದವನಿಗೂ ಒಳಗೆ ಪ್ರವೇಶವಿಲ್ಲ. ದಿನಕ್ಕೆ 2,000 ಎತ್ತುಗಳು ಹೇರು ಹೊತ್ತು ಒಳಗೆ ಬರುತ್ತವೆ, ಎತ್ತೊಂದಕ್ಕೆ ಮೂರು ವಿಂಟೆಂ. ಅದು ಅವನ ದೇಶದ ಚಿಲ್ಲರೆ ನಾಣ್ಯ. ಇಷ್ಟು ಹೇಳಿ ಕೊನೆಗೆ ಒಂದು ಮಾತು ಸೇರಿಸುತ್ತಾನೆ: ಕೊಂಬಿಲ್ಲದ ಬೋಳೆತ್ತುಗಳಿಗೆ ಮಾತ್ರ ರಾಜ್ಯದಲ್ಲಿ ಎಲ್ಲಿಯೂ ಸುಂಕವಿಲ್ಲ.

ಇದನ್ನು ಮೊದಲ ಸಲ ಓದಿದ ರಾತ್ರಿ ಒಬ್ಬನೇ ಕೂತು ನಕ್ಕಿದ್ದೇನೆ. ಯಾಕೆ ಈ ವಿನಾಯಿತಿ ಎಂದು ಅವನು ಹೇಳುವುದಿಲ್ಲ. ಆದರೆ ವಿನಾಯಿತಿ ಎಂಬುದು ಕಂಡ ಕೂಡಲೇ ಅದರೊಳಗೆ ನುಸುಳಲು ಜನ ಏನೇನು ಮಾಡುತ್ತಾರೆ ಎಂಬುದನ್ನು ನಾನು ಮೂರು ದಶಕ ನೋಡಿದ್ದೇನೆ. ಆ ಸೀಮೆಯಲ್ಲಿ ಎಷ್ಟು ಎಳೆಗರುಗಳ ಕೊಂಬಿನ ಮೊಳಕೆಯನ್ನು ಸುಟ್ಟಿರಬಹುದು ಎಂಬ ಲೆಕ್ಕ ಯಾವ ಶಾಸನದಲ್ಲೂ ಸಿಗುವುದಿಲ್ಲ, ಬಿಡಿ.

ಶಾಸನಗಳನ್ನು ಓದುವಾಗ ಇಲಾಖೆಯವನಿಗೆ ಬೇಗ ಹೊಳೆಯುವ ಒಂದು ಗುಟ್ಟಿದೆ. ತೆರಿಗೆ ವಸೂಲಿಯಾಗುತ್ತಿರುವಾಗ ಅದನ್ನು ಕಲ್ಲಿನಲ್ಲಿ ಕೆತ್ತಿಸುವ ಗರಜು ಯಾರಿಗೂ ಇರುವುದಿಲ್ಲ, ಅದು ಕಡತದಲ್ಲಿದ್ದರೆ ಸಾಕು. ಕಲ್ಲು ನೆಡುವುದು ಹೆಚ್ಚಾಗಿ ಮಾಫಿ ಮಾಡಿದಾಗ, ಇಲ್ಲವೇ ಆ ಹಣವನ್ನು ದೇವರಿಗೆ ಬಿಟ್ಟಾಗ. ಅಂದರೆ ಅರಸರ ಔದಾರ್ಯ ಎಂದು ನಾವು ಓದುವ ಸಾಲುಗಳೆಲ್ಲ ಮೊದಲು ಏನನ್ನು ಕಿತ್ತುಕೊಳ್ಳುತ್ತಿದ್ದರು ಎಂಬುದರ ಪಟ್ಟಿ. ನೇಕಾರನಿಗೆ ಮಗ್ಗದೆರೆ, ಎಣ್ಣೆ ತೆಗೆಯುವವನಿಗೆ ಗಾಣದೆರೆ, ಸೂರಿದ್ದರೆ ಮನೆದೆರೆ. ಮದುವೆಗೂ ಸುಂಕವಿತ್ತು! ಕೃಷ್ಣದೇವರಾಯನ ಕಾಲದಲ್ಲಿ ಕೆಲವು ಸೀಮೆಗಳಲ್ಲಿ ಮದುವೆ ಸುಂಕವನ್ನು ತೆಗೆದುಹಾಕಿದ್ದಕ್ಕೆ ಶಾಸನಗಳಿವೆ. ಅದನ್ನು ಓದಿ ರಾಯನಿಗೆ ಜೈ ಎನ್ನುವವರು, ಅದಕ್ಕೂ ಮುಂಚೆ ಹಸೆಮಣೆ ಹಾಕುವ ಹೊತ್ತಿಗೆ ಸುಂಕದವನಿಗಾಗಿ ಹಣ ಹೊಂದಿಸುತ್ತಿದ್ದ ಹೆಣ್ಣು ಹೆತ್ತವನನ್ನೂ ಸ್ವಲ್ಪ ನೆನೆಯಬೇಕು.

ರೈತರು ಬೆಳೆಯ ಹತ್ತು ಪಾಲಿನಲ್ಲಿ ಒಂಬತ್ತನ್ನು ಒಡೆಯರಿಗೆ ಕೊಡುತ್ತಿದ್ದರು ಎಂದೂ ನೂನಿಜ್ ಬರೆಯುತ್ತಾನೆ. ಇದನ್ನು ಮಾತ್ರ ನಾನು ನಂಬುವುದಿಲ್ಲ. ಅಷ್ಟು ಕೊಟ್ಟರೆ ಮುಂದಿನ ವರ್ಷದ ಬಿತ್ತನೆಗೇ ಕಾಳಿರುವುದಿಲ್ಲ. ಆದರೆ ಹೊರಗಿನಿಂದ ಬಂದ ವ್ಯಾಪಾರಿಯ ಕಿವಿಗೆ ಅಂಥ ಮಾತು ಬಿದ್ದಿತೆಂದರೆ, ಹೊಲದ ಬದುವಿನಲ್ಲಿ ಜನ ಏನು ಮಾತಾಡಿಕೊಳ್ಳುತ್ತಿದ್ದರು ಎಂದು ಊಹಿಸಬಹುದು. ಅದೇ ಮನುಷ್ಯ ಇನ್ನೊಂದು ಕಡೆ, ರಾಯ ಕಟ್ಟಿಸಿದ ದೊಡ್ಡ ಕೆರೆಯ ನೀರು ಹರಿದ ನೆಲವನ್ನು ಹದ ಮಾಡಿಕೊಳ್ಳಲು ಜನರಿಗೆ ಒಂಬತ್ತು ವರ್ಷ ಪುಕ್ಕಟೆ ಬಿಟ್ಟಿದ್ದನ್ನೂ ಹೇಳುತ್ತಾನೆ. ಆಮೇಲೆ ಅಲ್ಲಿಂದ ಬಂದ ಆದಾಯ 20,000 ಪರದಾವೊ. ಜಾಣ ಲೆಕ್ಕ ಅದು. ನಮ್ಮ ಕಾಲದಲ್ಲಿ ಹೊಸ ಕಾರ್ಖಾನೆಗಳಿಗೆ ಕೊಡುವುದೂ ಇದನ್ನೇ.

ಹಾಗಾದರೆ ಮಾಫಿ ಯಾರಿಗೆ ಸಿಗುತ್ತಿತ್ತು? ಒಂದು ದಾರಿ 1429ರಲ್ಲಿ, ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ತಮಿಳು ಸೀಮೆಯಲ್ಲಿ ಕಾಣಿಸಿತು. ಬಲಗೈ, ಎಡಗೈ ಎಂದು ಪರಸ್ಪರ ಕಚ್ಚಾಡುತ್ತಿದ್ದ ಜಾತಿಗಳ ಗುಂಪುಗಳು ತೆರಿಗೆಯ ಕಾಟ ತಾಳಲಾರದೆ ಒಂದಾದವು. ಅಧಿಕಾರಿಗಳಿಗೂ ಅವರ ಜೊತೆಗೂಡಿದ ಭೂಮಾಲೀಕರಿಗೂ ಆಶ್ರಯ ಕೊಡುವುದಿಲ್ಲ, ಅವರಿಗೆ ಲೆಕ್ಕ ಬರೆದುಕೊಡುವುದಿಲ್ಲ ಎಂದು ತೀರ್ಮಾನ ಮಾಡಿ ಅದನ್ನು ದೇವಸ್ಥಾನದ ಗೋಡೆಗೆ ಕೆತ್ತಿಸಿದವು. ಲೆಕ್ಕ ಬರೆಯುವುದಿಲ್ಲ! ಎಲ್ಲಿ ಹೊಡೆದರೆ ನೋಯುತ್ತದೆ ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು. ಗುಮಾಸ್ತನಿಲ್ಲದೆ ಯಾವ ಸಾಮ್ರಾಜ್ಯವೂ ಒಂದು ಕಾಸನ್ನೂ ವಸೂಲು ಮಾಡಲಾರದು. ಇದನ್ನು ಗುಮಾಸ್ತನಾಗಿದ್ದವನಾಗಿಯೇ ಹೇಳುತ್ತಿದ್ದೇನೆ.

ಇನ್ನೊಂದು ದಾರಿ ಕೊಂಡೋಜನದು. ಸದಾಶಿವರಾಯ ಹೆಸರಿಗೆ ದೊರೆ, ಆಳುತ್ತಿದ್ದವನು ಅಳಿಯ ರಾಮರಾಯ. ಕೊಂಡೋಜ ಎಂಬ ಕ್ಷೌರಿಕ ರಾಮರಾಯನನ್ನು ಮೆಚ್ಚಿಸಿ, ತನಗೆ ಊರನ್ನೋ ಹೊಲವನ್ನೋ ಕೇಳದೆ, ತನ್ನ ಕಸುಬಿನವರ ಮೇಲಿದ್ದ ತೆರಿಗೆಯನ್ನೇ ತೆಗೆಸಿಹಾಕಿದ. ಅದನ್ನು ಸಾರುವ ಶಾಸನಗಳಲ್ಲಿ ಒಂದು ಬಾದಾಮಿಯಲ್ಲಿದೆ. ತೆರಿಗೆಯ ಜೊತೆಗೆ ಬಿಟ್ಟಿ ಚಾಕರಿಯೂ ಹೋಯಿತು, ಮಹಾನವಮಿಗೆ ಪಂಜು ಹಿಡಿಯುವ ಕಟ್ಟುಪಾಡೂ ಹೋಯಿತು. ಮಹಾನವಮಿ ದಿಬ್ಬದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ನನಗೆ ಆ ಪಂಜುಗಳೇ ಕಣ್ಣಮುಂದೆ ಬರುತ್ತವೆ. ವಿದೇಶಿಯರು ಬೆರಗಾಗಿ ಬರೆದ ಆ ಬೆಳಕಿನಲ್ಲಿ ಕೂಲಿಯಿಲ್ಲದೆ ನಿಂತವರ ಕೈಗಳೂ ಇದ್ದವು.

ಕುಂಬಾರನಿಗೆ, ಗಾಣಿಗನಿಗೆ, ನೇಕಾರನಿಗೆ ಈ ಭಾಗ್ಯ ಯಾಕೆ ಬರಲಿಲ್ಲ ಎಂದು ಕೇಳಿದರೆ ನನ್ನ ಉತ್ತರ ಸರಳ. ಅಳಿಯ ರಾಮರಾಯ ದಿನಬೆಳಗಾದರೆ ಕೊರಳು ಒಡ್ಡುತ್ತಿದ್ದುದು ಕ್ಷೌರಿಕನೊಬ್ಬನಿಗೇ. (ಆ ಕೊರಳು 1565ರಲ್ಲಿ ಯಾರ ಕತ್ತಿಗೆ ಸಿಕ್ಕಿತು ಎಂಬುದು ಬೇರೆ ಕಥೆ.)

ಮೊನ್ನೆ ಭಾನುವಾರ ನಮ್ಮ ಬೀದಿಯ ಕ್ಷೌರದ ಅಂಗಡಿಯಲ್ಲಿ ಈ ಕಥೆಯನ್ನು ಹೇಳಿದೆ. ಇಪ್ಪತ್ತು ವರ್ಷದಿಂದ ನನ್ನ ತಲೆ ನೋಡಿಕೊಂಡು ಬಂದವರು ಅವರು. ನೊರೆ ಹಚ್ಚಿ ಬ್ಲೇಡ್ ಬದಲಾಯಿಸಿಕೊಂಡು, ಗದ್ದವನ್ನು ಎರಡು ಬೆರಳಿನಿಂದ ಮೇಲೆತ್ತಿ, ಒಂದು ಮಾತೂ ಆಡದೆ ಪೂರ್ತಿ ಕೇಳಿಸಿಕೊಂಡರು. ಕೊರಳಿನ ಹತ್ತಿರ ಬಂದಾಗ ಕೈ ನಿಲ್ಲಿಸಿದರು.

"ಸರಿ ಸಾರ್, ಕೊಂಡೋಜ ತೆಗೆಸಿದ. ಆಮೇಲೆ ಮತ್ತೆ ಹಾಕಿದ್ದು ಯಾವಾಗ?"