ವಿರಾಮದಲ್ಲಿ ಬೆಂದ ಮೈಸೂರು ಪಾಕ್

ಮೈಸೂರು ಪಾಕ್ ಮಾಡುವುದರಲ್ಲಿ ನಿಜವಾದ ಕಷ್ಟ ಇರುವುದು ಕೊನೆಯ ಒಂದೆರಡು ನಿಮಿಷದಲ್ಲಿ. ಸಕ್ಕರೆ ಒಂದೆಳೆ ಪಾಕಕ್ಕೆ ಬಂದಿರುತ್ತದೆ. ಕಡಲೆಹಿಟ್ಟು ಗಂಟಾಗದೆ ಸೇರಿಕೊಂಡಿರುತ್ತದೆ. ಪಕ್ಕದ ಒಲೆಯಲ್ಲಿ ಕಾದ ತುಪ್ಪವನ್ನು ಸೌಟು ಸೌಟಾಗಿ ಹುಯ್ಯುತ್ತಾ ಕೈ ಬಿಡದೆ ತಿರುವುತ್ತಿರಬೇಕು. ಪ್ರತಿ ಸೌಟಿಗೂ ಹಿಟ್ಟು ಜುಯ್ ಅಂತ ಉಬ್ಬುತ್ತದೆ. ತೋಳು ಬಿದ್ದುಹೋಗುವ ಹೊತ್ತಿಗೆ ಅದು ಬಾಣಲಿಯ ಅಂಚು ಬಿಡುತ್ತದೆ, ಮೈಯೆಲ್ಲ ತೂತು ತೂತಾಗುತ್ತದೆ. ಆಗಲೇ ತಟ್ಟೆಗೆ ಸುರಿಯಬೇಕು. ಮುಂಚೆ ಸುರಿದರೆ ಹಲ್ವ, ತಡವಾದರೆ ಚಾಮುಂಡಿ ಬೆಟ್ಟದ ಬಂಡೆ.

ಸರಿಯಾಗಿ ಆ ಹೊತ್ತಿಗೆ ಟಿವಿಯ ಅಡುಗೆ ಕಾರ್ಯಕ್ರಮದ ನಿರೂಪಕಿ ನಮ್ಮ ಕಡೆ ತಿರುಗುತ್ತಾರೆ. "ಈಗ ಒಂದು ಚಿಕ್ಕ ವಿರಾಮ, ಎಲ್ಲೂ ಹೋಗ್ಬೇಡಿ!"

ನಾವೆಲ್ಲಿ ಹೋಗ್ತೀವಿ? ವಿರಾಮ ಮುಗಿಯುವಷ್ಟರಲ್ಲಿ ಮೈಸೂರು ಪಾಕ್ ಬೆಂದು, ಆರಿ, ತಾನೇ ಚೌಕ ಚೌಕವಾಗಿ ಕತ್ತರಿಸಿಕೊಂಡು, ತಲೆ ಮೇಲೊಂದು ಗೋಡಂಬಿ ಇಟ್ಟುಕೊಂಡು ಕೂತಿರುತ್ತದೆ. ಅರಮನೆ ಅಡುಗೆಮನೆಯಲ್ಲಿ ಇದನ್ನು ಮೊದಲು ಮಾಡಿದರು ಅಂತ ಊರೆಲ್ಲ ಹೇಳುವ ಕಾಕಾಸುರ ಮಾದಪ್ಪನವರಿಗೆ ಈ ವಿರಾಮದ ಸೌಲಭ್ಯ ಇರಲಿಲ್ಲ, ಪಾಪ. ತುಪ್ಪವನ್ನು ಅವರೇ ಹುಯ್ಯಬೇಕಿತ್ತು.

ತಮಾಷೆ ನೋಡಿ, ಇದೇ ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆ ಹೋಗಿದ್ದು ಇಲ್ಲಿಂದಲೇ. ರೇಡಿಯೋದಲ್ಲಿ ಅಡುಗೆ ಹೇಳುವವರಿಗೆ ತೋರಿಸೋಕೆ ಏನೂ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ಬಾಯಿಬಿಟ್ಟು ಹೇಳಲೇಬೇಕಿತ್ತು. ಸಾಸಿವೆ ಸಿಡಿದು ನಿಂತ ಮೇಲೆ, ಬೇಳೆ ಕೆಂಪಾದ ಮೇಲೆ, ಹಸಿ ವಾಸನೆ ಹೋದ ಮೇಲೆ. ಕೇಳುವವರು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಳ್ಳುತ್ತಿದ್ದರು. ಈಗ ಸ್ಟುಡಿಯೋ ತುಂಬ ಕ್ಯಾಮೆರಾ. ಒಂದು ನಿರೂಪಕಿಯ ರೇಷ್ಮೆ ಸೀರೆ ಮೇಲೆ, ಒಂದು ಅಡುಗೆಯವರ ಬಳೆ ಮೇಲೆ, ಇನ್ನೊಂದು ಪ್ರಾಯೋಜಕರ ಮಸಾಲೆ ಪ್ಯಾಕೆಟ್ ಮೇಲೆ. ಬಾಣಲಿಯೊಳಗೆ ಇಣುಕಲು ಯಾವುದಕ್ಕೂ ಪುರುಸೊತ್ತಿಲ್ಲ. ಅಳತೆ ಕೇಳಿದರೆ "ರುಚಿಗೆ ತಕ್ಕಷ್ಟು". ರುಚಿ ನೋಡುವವರು ಅವರು, ತಕ್ಕಷ್ಟು ಹಾಕಿಕೊಳ್ಳಬೇಕಾದವರು ನಾವು!

ಇದನ್ನೂ ಸಹಿಸಬಹುದು. ಆದರೆ ಮುದ್ದೆ ಮುಟ್ಟಿದರೆ ಮಂಡ್ಯದವರು ಸುಮ್ನಿರಲ್ಲ. ಎಸರು ಕುದಿ ಬಂದ ಮೇಲೆ ಹಿಟ್ಟು ಸುರಿದು, ಬೇಯಲು ಬಿಟ್ಟು, ಕವೆಗೋಲಿನಲ್ಲಿ ಪಾತ್ರೆಯನ್ನು ಅದುಮಿ ಹಿಡಿದು, ಕೋಲಿನಲ್ಲಿ ಗಂಟೊಡೆಯುವಂತೆ ತೊಳಸುವುದು ಸೊಂಟಕ್ಕೆ ಕೆಲಸ. ಮೊನ್ನೆ ಒಂದು ಕಾರ್ಯಕ್ರಮದಲ್ಲಿ ನಾನ್‌ಸ್ಟಿಕ್ ಪ್ಯಾನಿನಲ್ಲಿ, ಪುಟ್ಟ ಮರದ ಚಮಚದಲ್ಲಿ, ಎರಡು ಬೆರಳಿನಿಂದ ಮುದ್ದೆ ತೊಳಸಿದರು. ಅದು ಸ್ಟುಡಿಯೋದ ಪುಣ್ಯದಿಂದ ಉಂಡೆಯೂ ಆಯಿತು. ನಿರೂಪಕಿ ಒಂದು ತುಂಡು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಚೆನ್ನಾಗಿ ಅಗಿದರು. ಬನ್ನೂರಿನ ನಮ್ಮತ್ತೆ ಬಿಡಿಸುತ್ತಿದ್ದ ಅವರೆಕಾಯಿ ಕೆಳಗಿಟ್ಟರು. "ಅಯ್ಯೋ ಶಿವನೇ, ಹಿಟ್ಟ ಅಗೀತಾವ್ಳಲ್ಲ ಕಣವ್ವ!" ಅತ್ತ ನಿರೂಪಕಿ "ವಾವ್, ಎಷ್ಟು ಸಾಫ್ಟ್ ಆಗಿದೆ, ಯಮ್ಮಿ" ಅಂದರು. ಬಸ್ಸಾರಿನ ಬಟ್ಟಲು ಪಕ್ಕದಲ್ಲೇ ಇತ್ತು, ಅಲಂಕಾರಕ್ಕೆ. ಅದ್ದಿ, ಅಗಿಯದೆ ನುಂಗಬೇಕು ಅಂತ ಯಾರೂ ಹೇಳಲಿಲ್ಲ. ಅತ್ತೆ ಚಾನೆಲ್ ಬದಲಾಯಿಸಿದರು. ಅಲ್ಲಿ ಇನ್ನೊಬ್ಬ ನಿರೂಪಕ ಮದ್ದೂರು ವಡೆ ಹಿಡಿದು ಅದರ ತೂತು ಹುಡುಕುತ್ತಿದ್ದ. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ಶುರುವಾದ ವಡೆ. ಅವತ್ತಿಂದ ಅದಕ್ಕೆ ತೂತಿಲ್ಲ ಮಾರಾಯ.

ಕೈತೋಟದ ಕಾರ್ಯಕ್ರಮದ್ದು ಇನ್ನೊಂದು ಕಥೆ. 1967ರ ಜನವರಿ 26ರಂದು ದೂರದರ್ಶನ 'ಕೃಷಿ ದರ್ಶನ' ಶುರು ಮಾಡಿದ್ದು ದೆಹಲಿ ಸುತ್ತಲಿನ ರೈತರಿಗೆ ಹೇಳುವುದಕ್ಕೆ. ಆ ಮಾದರಿಯ ಕಾರ್ಯಕ್ರಮಗಳು ಬೋರು ಹೊಡೆಸುತ್ತಿದ್ದವು ನಿಜ. ಒಬ್ಬ ವಿಜ್ಞಾನಿ, ಎರಡು ಕುರ್ಚಿ, ಹಿಂದೆ ಪ್ಲಾಸ್ಟಿಕ್ ಹೂವಿನ ಕುಂಡ. ಆದರೆ ಎಕರೆಗೆ ಎಷ್ಟು ಬೀಜ, ಎಷ್ಟನೇ ದಿನಕ್ಕೆ ಮೇಲುಗೊಬ್ಬರ ಅಂತ ಮುಖ ಗಂಟು ಹಾಕಿಕೊಂಡಾದರೂ ಹೇಳುತ್ತಿದ್ದರು. ಈಗ ತೋಟ ಗದ್ದೆಯಿಂದ ಎದ್ದು ಬಾಲ್ಕನಿಗೆ ಬಂದಿದೆ. ಮುಖ ಅರಳಿದೆ, ಗೊಬ್ಬರ ಮಾಯ.

ಹೇಳೋಕೆ ವಿಷಯ ಇಲ್ಲವೇ? ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಆದರೆ ಪನಾಮ ಸೊರಗು ರೋಗ ಹಿಡಿದು ತೋಟಗಳೇ ಕರಗಿಹೋದವು. ಆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಕೂರುತ್ತದೆ. ರೋಗ ಬಂದ ತೋಟದ ಬಾಳೆಕಂದು ತಂದು ನೆಟ್ಟರೆ ರೋಗವೂ ಜೊತೆಗೇ ಬರುತ್ತದೆ. ಇದನ್ನು ಅರ್ಧ ಗಂಟೆ ತೋರಿಸಿದರೆ ಒಬ್ಬರಿಗಾದರೂ ಉಪಯೋಗ ಅಲ್ವಾ? ತೋರಿಸುವುದು ಮನಿ ಪ್ಲಾಂಟ್. ಅದನ್ನು ಸಾಯಿಸುವುದೇ ಕಷ್ಟ. ಬಾಳೆ ಬಂತೂ ಅಂದುಕೊಳ್ಳಿ, ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ ಗುಲಾಬಿಗೆ ಹಾಕಿ ಅನ್ನುವಲ್ಲಿಗೆ ಮುಗಿಯಿತು. ಕೆಆರ್‌ಎಸ್ ಅಣೆಕಟ್ಟೆ ತುಂಬಿ ನೀರು 124.80 ಅಡಿ ಮುಟ್ಟಿತಾ ಅಂತ ದಿನಾ ಪೇಪರ್ ತಿರುವಿ, ನಾಲೆಗೆ ಸರದಿಯ ಕಟ್ಟು ನೀರು ಯಾವಾಗ ಬಿಡ್ತಾರೆ ಅಂತ ಕಾಯುವ ಮಂಡ್ಯದ ರೈತನೂ ಇದನ್ನೇ ನೋಡಬೇಕು. "ಗಿಡಕ್ಕೆ ದಿನಾ ಎರಡು ಮಗ್ ನೀರು, ಜೊತೆಗೆ ಸ್ವಲ್ಪ ಪ್ರೀತಿ." ಪ್ರೀತಿಗೇನು ಬರ ಇಲ್ಲ ಸ್ವಾಮಿ.

ಫೋನ್ ಇನ್ ಇದ್ದರಂತೂ ಕೇಳಲೇಬೇಡಿ. "ಹಲೋ, ನಮಸ್ಕಾರ ಮೇಡಂ, ಕೆ.ಆರ್. ಪೇಟೆಯಿಂದ." "ನಿಮ್ಮ ಟಿವಿ ವಾಲ್ಯೂಮ್ ಕಡಿಮೆ ಮಾಡಿ." "ಮಾಡ್ದೆ ಮೇಡಂ. ತೆಂಗಿಗೆ ನುಸಿ ಬಿದ್ದೈತೆ." "ಊಟ ಆಯ್ತಾ? ನಮ್ಮ ಕಾರ್ಯಕ್ರಮ ಹೇಗನ್ನಿಸ್ತು?" "ಚೆನ್ನಾಗೈತೆ ಮೇಡಂ, ನುಸಿ..." ಲೈನ್ ಕಟ್.

ಕರಕುಶಲದ ಕಾರ್ಯಕ್ರಮಕ್ಕೆ 'ಕಸದಿಂದ ರಸ' ಅಂತ ಅಡಿಬರಹ ಹಾಕುತ್ತಾರೆ. ಕಸ ಅಂದರೆ ಒಂದು ಖಾಲಿ ಬಾಟಲಿ. ಅದಕ್ಕೆ ಗ್ಲೂ ಗನ್, ಚಿನ್ನದ ಬಣ್ಣ, ಮಿಣಮಿಣ ಪುಡಿ, ಲೇಸು, ಮುತ್ತು. ಇಷ್ಟನ್ನೂ ಅಂಗಡಿಯಿಂದ ತರುವ ದುಡ್ಡಿಗೆ ಎರಡು ಹೊಸ ಹೂದಾನಿ ಬರುತ್ತವೆ. ತಿಂಗಳಾದ ಮೇಲೆ ಅದೇ ಬಾಟಲಿ ಮುತ್ತಿನ ಸಮೇತ ಕಸದ ಗಾಡಿ ಹತ್ತುತ್ತದೆ.

ಪ್ರವಾಸದ ನಿರೂಪಕರು ಅರಮನೆ ಮುಂದೆ ನಿಂತು "ಇಲ್ಲಿ ಹಿಸ್ಟರಿ ಫೀಲ್ ಆಗುತ್ತೆ ಗೈಸ್" ಅನ್ನುತ್ತಾರೆ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿದ್ದು, ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಈಗಿನದು 1912ರಲ್ಲಿ ಮುಗಿದಿದ್ದು ಫೀಲ್ ಆದ ಹಾಗೆ ಕಾಣುವುದಿಲ್ಲ. ಅವರು ಹೋದಾಗ ಅಂಗಳ ಖಾಲಿ. ನಾವು ಭಾನುವಾರ ಹೋದರೆ ಚಪ್ಪಲಿ ಬಿಡುವ ಕಡೆಯೇ ಜಾತ್ರೆ. ಟೋಕನ್ ಕಳೆದರೆ ಮನೆತನಕ ಬರಿಗಾಲು. ಡ್ರೋನಿಗೆ ಚಪ್ಪಲಿ ಇಲ್ಲ, ಹಾಗಾಗಿ ಈ ಜಾತ್ರೆ ಟಿವಿಯಲ್ಲಿ ಬರುವುದಿಲ್ಲ. ಅಂದಹಾಗೆ, ದಸರಾ ಮೆರವಣಿಗೆ ಹೋಗುವ ರಸ್ತೆಗೆ ಮಾತ್ರ ಟಾರು ಬಳಿಯುವ ನಮ್ಮವರೂ ಈ ಕಾರ್ಯಕ್ರಮಗಳನ್ನು ಶ್ರದ್ಧೆಯಿಂದ ನೋಡಿ ಕಲಿತಿರಬೇಕು. ಕ್ಯಾಮೆರಾ ಬರದ ಗಲ್ಲಿಗೆ ಯಾವತ್ತೂ ವಿರಾಮ.

ಹಾಗಾಗಿ ನನ್ನದೊಂದು ಸಲಹೆ. ಅಡುಗೆ ಕಾರ್ಯಕ್ರಮ ಮುಗಿದ ಮೇಲೆ ಅದೇ ಸ್ಟುಡಿಯೋದಲ್ಲಿ ಅರ್ಧ ಗಂಟೆ ಪಾತ್ರೆ ತೊಳೆಯುವ ಕಾರ್ಯಕ್ರಮ ಇಡಿ. ಅದೇ ನಿರೂಪಕಿ, ಅದೇ ರೇಷ್ಮೆ ಸೀರೆ. ತುಪ್ಪ ಹೆಪ್ಪುಗಟ್ಟಿದ ಬಾಣಲಿ, ಹಿಟ್ಟು ತಳ ಹಿಡಿದ ಪಾತ್ರೆ, ಜೊತೆಗೆ ಆ ಗಾಜಿನ ಬಟ್ಟಲುಗಳೂ ಇರಲಿ. ಒಂದು ಚಮಚ ಅರಿಶಿನಕ್ಕೂ ಒಂದು ಬಟ್ಟಲು ಇಟ್ಟಿದ್ದರಲ್ಲ, ಅವೆಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬರಲಿ. ನಡುವೆ ವಿರಾಮ ಬೇಡ. ಜನ ಕಣ್ಣು ಮಿಟುಕಿಸದೆ ನೋಡುತ್ತಾರೆ, ನಮ್ಮತ್ತೆಯಂತೂ ಅವರೆಕಾಯಿ ಬುಟ್ಟಿ ಸಮೇತ ಮುಂದಿನ ಸಾಲಿನಲ್ಲಿರುತ್ತಾರೆ.

ಪ್ರಾಯೋಜಕರ ಚಿಂತೆ ಇಲ್ಲ, ಪಾತ್ರೆ ಸೋಪಿನವರು ಓಡಿ ಬರುತ್ತಾರೆ. ಬರುವಾಗ ಒಂದೇ ಒರೆಸಿಗೆ ಪಳಪಳ ಹೊಳೆಯಲು ಬೇಕಾದ ಬಾಣಲಿಯನ್ನು ಅವರೇ ತೊಳೆದು ತಂದಿರುತ್ತಾರೆ.