ಬಾದಾಮಿ ಪುರಸಭೆಗೆ ನಿಂತವರನ್ನು ಗುಡಿ-ಗುಹೆಗಳ ಬಗ್ಗೆ ಕೇಳಬೇಕೆ?

ಬಾದಾಮಿಯಂಥ ಸಣ್ಣ ಊರಿನ ಪುರಸಭೆ ಚುನಾವಣೆಯಲ್ಲಿ, ಸ್ಮಾರಕಗಳ ರಕ್ಷಣೆಯ ಬಗ್ಗೆ ಅಭ್ಯರ್ಥಿಯ ನಿಲುವೇನು ಎಂಬುದನ್ನು ನೋಡಿ ಮತ ಹಾಕಬೇಕೆ? ಇಬ್ಬರ ಉತ್ತರ ಇಲ್ಲಿದೆ.

ಪರ: ಕೇಳದೆ ಮತ ಹಾಕಬಾರದು

ಪರವಾಗಿ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ವೃತ್ತಿಯುದ್ದಕ್ಕೂ ಇತಿಹಾಸದ ಪಾಠ ಹೇಳಿದವನಿಗೆ ಈ ಪಾಳಿ ಬರುವುದು ಸಹಜ. ಅಭ್ಯರ್ಥಿಯ ಈ ಒಂದು ಮಾತನ್ನೇ ತಕ್ಕಡಿಗಿಟ್ಟು ಮತ ಹಾಕಿ ಎಂದು ನಾನು ಹೇಳಲಾರೆ. ಆದರೆ ಆ ಮಾತನ್ನು ಕೇಳಿಸಿಕೊಳ್ಳದೆಯೇ ಮತ ಹಾಕುವುದು ತಪ್ಪು ಎನ್ನುವವರೆಗೆ ಬರಬಲ್ಲೆ.

ಬಾದಾಮಿಯಲ್ಲಿ ಸ್ಮಾರಕಗಳು ಊರ ಹೊರಗೆ ಎಲ್ಲೋ ನಿಂತಿಲ್ಲ. ಚಾಲುಕ್ಯ ದೊರೆ ಒಂದನೇ ಪುಲಕೇಶಿ ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿದ ಸಂಗತಿ 543ರ ಬಂಡೆಗಲ್ಲಿನ ಶಾಸನದಲ್ಲಿದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ವಿಜಯಾದಿತ್ಯನ ತಾಯಿ ವಿನಯವತಿ 699ರಲ್ಲಿ ಪ್ರತಿಷ್ಠೆ ಮಾಡಿಸಿದ ಜಂಬುಲಿಂಗ ಗುಡಿಯಂತೂ ಪೇಟೆಯ ನಡುವೆ, ಮನೆಗಳ ಮಗ್ಗುಲಲ್ಲೇ ಇದೆ. ಯಾರ ಮನೆಯ ಗೋಡೆ ಎಲ್ಲಿ ಮುಗಿಯುತ್ತದೆ, ಗುಡಿಯ ಗೋಡೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬಲ್ಲವರು ವಾರ್ಡಿನ ಸದಸ್ಯರೇ ಹೊರತು ದೆಹಲಿಯವರಲ್ಲ.

ಪುರಸಭೆಗೆ ಇದರಲ್ಲಿ ಅಧಿಕಾರವೇ ಇಲ್ಲ ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳುತ್ತೇನೆ. ಅರ್ಧ ನಿಜ. ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿರ್ಮಾಣ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ಅನುಮತಿ ಪಡೆದು ಕಟ್ಟಬೇಕಾದ ನಿಯಂತ್ರಿತ ವಲಯ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಕಾಯ್ದೆ ‘ನಿರ್ಮಾಣ’ ಎಂದರೇನು ಎಂದು ವಿವರಿಸುವಾಗ ಚರಂಡಿಯ ಕೆಲಸ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರು ಸರಬರಾಜು, ವಿದ್ಯುತ್ ವ್ಯವಸ್ಥೆ ಇವನ್ನೆಲ್ಲ ಆ ಪದದಿಂದ ಹೊರಗಿಟ್ಟಿದೆ. ಇದನ್ನು ಯಾವ ಅಭ್ಯರ್ಥಿಯೂ ಹೇಳುವುದಿಲ್ಲ. ಗುಹೆಯ ನೆಪ ಮುಂದಿಟ್ಟು ಚರಂಡಿ ಮಾಡಿಸದ ಸದಸ್ಯರಿಗೆ ಈ ಸಾಲನ್ನು ಓದಿ ತೋರಿಸಬೇಕು. ಕಸ, ಜಾಹೀರಾತು ಫಲಕ, ವ್ಯಾಪಾರ ಪರವಾನಗಿ, ಅಗಸ್ತ್ಯತೀರ್ಥದ ಹೊಂಡಕ್ಕೆ ಹೋಗುವ ದಾರಿಯ ದೀಪ ಇವೆಲ್ಲ ಪುರಸಭೆಯ ಕೈಯಲ್ಲೇ ಇರುವ ಕೆಲಸಗಳು. ಪಾರಂಪರಿಕ ಊರುಗಳ ಅಭಿವೃದ್ಧಿಗೆಂದು ಬಂದ ಕೇಂದ್ರದ ಹೃದಯ್ ಯೋಜನೆ 2015ರಲ್ಲಿ ದೇಶದ 12 ಊರುಗಳನ್ನು ಆರಿಸಿಕೊಂಡಾಗ ಕರ್ನಾಟಕದಿಂದ ಸೇರಿದ್ದು ಬಾದಾಮಿ ಒಂದೇ. ಆ ವರ್ಷಗಳಲ್ಲಿ ನಮ್ಮ ವಾರ್ಡಿಗೆ ಏನು ಕೇಳಿದಿರಿ ಎಂದು ನಾನು ಯಾವ ಸದಸ್ಯರನ್ನೂ ವಿಚಾರಿಸಲಿಲ್ಲ. ಆ ತಪ್ಪು ನನ್ನದು, ಅದನ್ನು ಇನ್ನೊಬ್ಬರು ಮಾಡಬಾರದು.

ಹಿಂದೊಮ್ಮೆ ವಿದ್ಯಾರ್ಥಿಗಳನ್ನು ಕಪ್ಪೆ ಅರಭಟ್ಟನ ಶಾಸನ ತೋರಿಸಲು ಕರೆದುಕೊಂಡು ಹೋಗಿದ್ದೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲನ್ನು ಒಬ್ಬ ಹುಡುಗ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಅವನ ಮುಖ ಅರಳಿತು. ಅದೇ ದಿನ ಹಿಂದಿರುಗುವಾಗ ರಸ್ತೆ ಬದಿಯ ಒಂದು ಹಾಳು ಮಂಟಪದಲ್ಲಿ ನೀರಿಗೆ ನಿಂತೆವು. ಅದರ ಕಂಬದ ಮೇಲೆ ಯಾವುದೋ ಚುನಾವಣೆಯ ಗುರುತನ್ನು ಬಣ್ಣದಲ್ಲಿ ಬರೆದಿದ್ದರು. ಕೆಂಗಲ್ಲಿನ ರಂಧ್ರಗಳಿಗೆ ಇಳಿದ ಬಣ್ಣ, ಉಜ್ಜಿದರೂ ಹೋಗುವಂತಿರಲಿಲ್ಲ. ಗೋಡೆ-ಕಂಬಗಳನ್ನು ಹೀಗೆ ವಿರೂಪಗೊಳಿಸುವುದನ್ನು ತಡೆಯಲು 1981ರಿಂದಲೇ ರಾಜ್ಯದ ಕಾಯ್ದೆಯಿದೆ. ಸರ್ ಇದನ್ನು ಬರೆದವರು ಯಾರು ಎಂದು ಆ ಹುಡುಗನೇ ಕೇಳಿದ. ಊರನ್ನು ಆಳಲು ಹೊರಟವರು ಎಂದು ಅವನಿಗೆ ಹೇಳಲು ನನ್ನ ಬಾಯಿ ಬರಲಿಲ್ಲ.

ಚರಂಡಿ ಬೇಕೋ ಗುಹೆ ಬೇಕೋ ಎಂದು ಎದುರು ಪಾಳಿಯವರು ಕೇಳುತ್ತಾರೆ. ಗುಹೆ ನೋಡಲು ಬಂದವರಿಂದಲೇ ಈ ಊರಿನ ಆಟೋ ಓಡುತ್ತದೆ, ಖಾನಾವಳಿಯ ಒಲೆ ಉರಿಯುತ್ತದೆ. ಅಭ್ಯರ್ಥಿಯನ್ನು ಒಂದು ಪ್ರಶ್ನೆ ಕೇಳುವುದಕ್ಕೆ ಕಾಸು ಖರ್ಚಾಗುವುದಿಲ್ಲ. ಕೇಳೋಣ.

ವಿರೋಧ: ನಮ್ಮ ಮನೆಯನ್ನು ನಿಮ್ಮ ಮತಕ್ಕೆ ಹಾಕಬೇಡಿ

ಹೊಂಡದ ಸಮೀಪದ ಓಣಿಯಲ್ಲಿ ನಾನು ಹುಟ್ಟಿದೆ, ಈಗಲೂ ಅಲ್ಲೇ ಇದ್ದೇನೆ, ಅಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ವಿರೋಧ ಬರೆಯಿರಿ ಎಂದು ಯಾರೂ ನನಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

ಸ್ಮಾರಕ ಉಳಿಸುತ್ತೇನೆ ಎಂದು ಅಭ್ಯರ್ಥಿ ಮಾತು ಕೊಡುವಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ಮೊದಲು ಕೇಳಿ. ಅಭ್ಯರ್ಥಿ ತೆರುವುದಿಲ್ಲ, ಬಸ್ ನಿಲ್ದಾಣದ ಕಡೆ ಮೂರಂತಸ್ತು ಕಟ್ಟಿಕೊಂಡವರು ತೆರುವುದಿಲ್ಲ. ತೆರುವವರು ನೂರು ಮೀಟರಿನೊಳಗಿನ ನಾವು. ನಮ್ಮ ಓಣಿಯ ಮನೆಗಳನ್ನು ಕೈಬೆರಳಲ್ಲಿ ಎಣಿಸಬಹುದು, ವಾರ್ಡಿನ ಉಳಿದ ಬೀದಿಗಳ ಮುಂದೆ ನಮ್ಮ ಮತ ಏನೂ ಅಲ್ಲ. ಹೀಗಿರುವಾಗ ಸ್ಮಾರಕದ ವಿಷಯವನ್ನು ಮತಕ್ಕೆ ಹಾಕಿದರೆ ಏನಾಗುತ್ತದೆ? ಏನೂ ಕಳೆದುಕೊಳ್ಳದವರು ಕೈಯೆತ್ತುತ್ತಾರೆ, ಎಲ್ಲ ಕಳೆದುಕೊಳ್ಳುವವರು ಸೋಲುತ್ತಾರೆ. ಒಬ್ಬರ ಅಡುಗೆಮನೆ ಇರಬೇಕೋ ಬೇಡವೋ ಎಂಬುದನ್ನು ಪಕ್ಕದ ಬೀದಿಯವರ ಮತದಿಂದ ತೀರ್ಮಾನಿಸುವುದು ನ್ಯಾಯವಲ್ಲ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಅಜ್ಜ ಕಟ್ಟಿಸಿದ್ದು, ಕೆಂಗಲ್ಲಿನ ಗೋಡೆ, ಮಣ್ಣಿನ ಮೇಲ್ಮುದ್ದೆ. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿದ 2019ರ ಆಗಸ್ಟಿನಲ್ಲಿ ಇಲ್ಲೂ ಜಡಿಮಳೆ ಹಿಡಿದಿತ್ತು. ಒಂದು ಬೆಳಗಿನ ಜಾವ ಹಿತ್ತಲ ಗೋಡೆ ಬಚ್ಚಲಿನ ಸಮೇತ ಕುಸಿಯಿತು. ಕಲ್ಲುಗಳನ್ನು ನಾವೇ ಆಯ್ದು ಒಟ್ಟಿದೆವು. ಮತ್ತೆ ಕಟ್ಟಿಸಬೇಕೆಂದರೆ ಪರವಾನಗಿ ಬೇಕು. ಪರವಾನಗಿಗೆ ಹೋದರೆ, ಈ ಮನೆ 1992ರ ಜೂನ್ 16ಕ್ಕಿಂತ ಮೊದಲೇ ಇತ್ತು ಎಂದು ತೋರಿಸಿ ಎಂದರು.

ಅವ್ವ ಟ್ರಂಕಿನ ತಳದಿಂದ ಹಳೆಯ ಮನೆ ತೆರಿಗೆಯ ರಸೀದಿ ತೆಗೆದಳು. ಅಜ್ಜನ ಹೆಸರಿತ್ತು, ಮನೆ ನಂಬರಿತ್ತು, ಮೊತ್ತವಿತ್ತು. ಬಲಗಡೆಯ ಮೂಲೆಯನ್ನು ಗೆದ್ದಲು ತಿಂದಿತ್ತು. ದಿನಾಂಕ ಇದ್ದದ್ದು ಆ ಮೂಲೆಯಲ್ಲೇ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಒಂದೇ ಒಂದು ಒಂಬತ್ತು ಕಾಣುತ್ತಿತ್ತು. ಮೇಜಿನ ಆಚೆ ಕುಳಿತವರು ರಸೀದಿಯನ್ನು ಮುಟ್ಟಲೂ ಇಲ್ಲ. ಬೇರೆ ದಾಖಲೆ ತನ್ನಿ ಎಂದರು. ಬೇರೆ ದಾಖಲೆ ತೆಗೆದುಕೊಂಡು ಹೋದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು, ಅವರು ನಕ್ಷೆ ಕೇಳಿದರು. ನಕ್ಷೆ ಬರೆಸಿಕೊಂಡು ಹೋದೆವು, ದೂರ ಅಳೆಸಿಕೊಂಡು ಬನ್ನಿ ಎಂದರು. ಎರಡು ಮಳೆಗಾಲ ಕಳೆದವು. ಅಷ್ಟು ದಿನವೂ ಎಪ್ಪತ್ತು ದಾಟಿದ ಅವ್ವ ಸೀರೆ ಕಟ್ಟಿದ ನಾಲ್ಕು ಬಿದಿರುಗಳ ನಡುವೆ ಸ್ನಾನ ಮಾಡಿದಳು. ಕತ್ತಲಿರುವಾಗಲೇ ಏಳುತ್ತಿದ್ದಳು. ಬೆಳಕು ಹರಿದರೆ ಬೆಟ್ಟದ ಮೇಲಿನವರಿಗೆ ನಮ್ಮ ಹಿತ್ತಲು ಕಾಣುತ್ತದೆ. ನೀವು ಮೇಲೆ ನಿಂತು ತೆಗೆದುಕೊಳ್ಳುವ ಆ ಚೆಂದದ ಚಿತ್ರಗಳಲ್ಲಿ, ಹೊಂಡದ ಈಚೆ ಒತ್ತೊತ್ತಾಗಿ ಕಾಣುವ ಮನೆಗಳಲ್ಲಿ ನಮ್ಮದೂ ಒಂದು.

ಆ ದಿನಗಳಲ್ಲೇ ಮತ ಕೇಳಲು ಒಬ್ಬರು ಬಂದರು. ಹಿತ್ತಲು ತೋರಿಸಿದೆ. ಬಿದಿರು, ಸೀರೆ, ಒಟ್ಟಿದ ಕಲ್ಲು ಎಲ್ಲವನ್ನೂ ನೋಡಿ, ಗೆದ್ದ ಮರುದಿನವೇ ನಿಮ್ಮ ಪರವಾನಗಿ ನನ್ನ ಜವಾಬ್ದಾರಿ ಎಂದು ಅವ್ವನ ಕೈ ಹಿಡಿದು ಹೇಳಿದರು. ಅವ್ವ ಅವರಿಗೆ ಮಜ್ಜಿಗೆ ಕೊಟ್ಟಳು. ಅದೇ ಸಂಜೆ ಪೇಟೆಯ ಸಭೆಯಲ್ಲಿ ಅವರು ಮಾತನಾಡಿದ್ದನ್ನು ನನ್ನ ತಮ್ಮ ನಿಂತು ಕೇಳಿ ಬಂದ. ಹೊಂಡದ ಸುತ್ತಲಿನ ಮನೆಗಳನ್ನು ತೆರವು ಮಾಡಿಸಿ ಚಾಲುಕ್ಯರ ವೈಭವವನ್ನು ಮರಳಿ ತರುತ್ತೇನೆ ಎಂದರಂತೆ, ಜನ ಚಪ್ಪಾಳೆ ತಟ್ಟಿದರಂತೆ. ಅವ್ವನಿಗೆ ಇದನ್ನು ಹೇಳಬೇಡ ಎಂದು ತಮ್ಮನಿಗೆ ಹೇಳಿದೆ. ಅವಳಿಗೆ ಹೇಗೋ ಗೊತ್ತಾಯಿತು. ಮಜ್ಜಿಗೆ ಕೊಟ್ಟ ಲೋಟವನ್ನು ಅವಳು ಎಷ್ಟೋ ಹೊತ್ತು ತೊಳೆಯುತ್ತ ಕುಳಿತಿದ್ದಳು.

ಅಭ್ಯರ್ಥಿಯ ನಿಲುವು ಕೇಳಿ ಎನ್ನುವವರೇ, ಯಾವ ನಿಲುವನ್ನು ಕೇಳಲಿ? ನಮ್ಮ ಹಿತ್ತಲಲ್ಲಿ ಹೇಳಿದ್ದನ್ನೋ, ಪೇಟೆಯಲ್ಲಿ ಹೇಳಿದ್ದನ್ನೋ? ಎರಡೂ ಅವರ ಕೈಯಲ್ಲಿ ಇರಲಿಲ್ಲ. ಪರವಾನಗಿ ಕೊಡುವುದು ಪುರಸಭೆಯ ಸದಸ್ಯರಲ್ಲ, ತೆರವು ಮಾಡಿಸುವುದೂ ಅವರಲ್ಲ. ಕೈಯಲ್ಲಿ ಇಲ್ಲದ್ದರ ಬಗ್ಗೆ ಎಷ್ಟು ದೊಡ್ಡ ಮಾತನ್ನಾದರೂ ಆಡಬಹುದು. ಆಡಿದ ಮಾತು ಮಾತ್ರ ನಮ್ಮ ಓಣಿಯಲ್ಲೇ ಉಳಿಯುತ್ತದೆ. ಆ ಸಭೆಯಾದ ಮೇಲೆ ಹೊಂಡದ ಮನೆಯವರು ಎಂಬ ಮಾತು ಒತ್ತುವರಿಯವರು ಎಂಬ ಮಾತಾಯಿತು. ಮೂರು ತಲೆಮಾರಿನಿಂದ ಇಲ್ಲಿರುವ ನಮಗೆ, ತರಕಾರಿ ತರಲು ಹೋದಾಗ ಆ ಮಾತು ಕಿವಿಗೆ ಬೀಳುತ್ತದೆ.

ಕಾಯ್ದೆಯಲ್ಲಿ ಚರಂಡಿಗೆ ಅವಕಾಶವಿದೆ, ಓದಿ ನೋಡಿ ಎಂದು ತಿಳಿದವರು ಹೇಳುತ್ತಾರೆ. ಕಾಯ್ದೆ ಓದಿಕೊಂಡವರಿಗೆ ಹಿತ್ತಲಲ್ಲಿ ಬಿದಿರು ನೆಡುವ ಕಷ್ಟ ಬಂದಿಲ್ಲ. ಪ್ರವಾಸಿಗರಿಂದ ಊರು ಬದುಕುತ್ತದೆ ಎನ್ನುತ್ತಾರೆ. ಬದುಕಲಿ, ನನಗೂ ಸಂತೋಷವೇ. ಆದರೆ ಬೆಂಗಳೂರಿನಿಂದ ಬಂದು ಎರಡು ಗಂಟೆ ಸುತ್ತಾಡಿ, ಈ ಬಟ್ಟೆ ಒಗೆಯುವ ಹೆಂಗಸರನ್ನು ಇಲ್ಲಿಂದ ಎಬ್ಬಿಸಬೇಕು ಎಂದು ನಮ್ಮ ಮುಂದೆಯೇ ಹೇಳಿ ಹೋಗುವವರಿಂದ ನನ್ನ ಹೊಲಿಗೆ ಯಂತ್ರ ಒಂದು ದಿನವೂ ತಿರುಗಿಲ್ಲ.

ಹಂಪಿ ಬಜಾರಿನಲ್ಲಿ 2011ರ ಜುಲೈನಲ್ಲಿ ನಡೆದದ್ದು ನೆನಪಿದೆಯೇ? ಮಂಟಪಗಳ ಸಾಲಿನಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳ ಮನೆ, ಅಂಗಡಿಗಳ ಮೇಲೆ ಯಂತ್ರ ಹರಿಯಿತು. ಐಹೊಳೆಯವರಂತೂ ನಿಮ್ಮನ್ನು ಬೇರೆ ಕಡೆ ಸಾಗಿಸುತ್ತೇವೆ ಎಂಬ ಮಾತನ್ನು ಕೇಳುತ್ತಲೇ ಮುದುಕರಾದರು. ಅಲ್ಲಿನ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರಲ್ಲಿ ವಾಸವಿದ್ದ ಲಾಡಖಾನನಿಂದ. ಜನ ಇದ್ದ ಗುಡಿಗಳಿವು. ಜನರನ್ನು ಕಲ್ಲಿನ ಶತ್ರುಗಳು ಎನ್ನುವುದು ನನಗೆ ತಡೆಯಲಾರದ ನೋವು ಕೊಡುತ್ತದೆ.

ನಮ್ಮ ಹಿತ್ತಲಲ್ಲಿ ಒಗೆಯುವ ಕಲ್ಲೊಂದಿದೆ. ಅದರ ಒಂದು ಮಗ್ಗುಲಲ್ಲಿ ಹೂಬಳ್ಳಿಯ ಕೆತ್ತನೆ, ಬಳ್ಳಿಯ ತುದಿಗೆ ಬೆರಳಿನ ಉಗುರಿನಷ್ಟು ಚಿಕ್ಕ ಮೊಗ್ಗು. ಅಜ್ಜನ ಕಾಲಕ್ಕೂ ಮೊದಲಿನಿಂದ ಅಲ್ಲೇ ಇದ್ದದ್ದಂತೆ. ಅವ್ವ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಆ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿ ಇಡಿಸಿದಳು, ಸೋಪಿನ ನೀರು ಬೀಳಬಾರದು, ಕಾಲು ತಾಕಬಾರದು ಎಂದು. ಗೋಡೆ ಬಿದ್ದ ದಿನ ನಾವು ಪಾತ್ರೆ, ಹಾಸಿಗೆ ಎಂದು ಓಡಾಡುತ್ತಿದ್ದರೆ ಅವಳು ಮೊದಲು ಹೋಗಿ ನೋಡಿದ್ದು ಆ ಮೊಗ್ಗು ಮುರಿಯಿತೇ ಎಂದು. ಮುರಿದಿರಲಿಲ್ಲ. ಹಾಗೆ ಮಾಡು ಎಂದು ಅವಳಿಗೆ ಯಾವ ಅಭ್ಯರ್ಥಿಯೂ ಹೇಳಿಕೊಟ್ಟಿರಲಿಲ್ಲ.

ಪುರಸಭೆಗೆ ನಿಲ್ಲುವವರು ಈ ಸಲ ಬಂದರೆ ನನ್ನ ಪ್ರಶ್ನೆಗಳು ಸಿದ್ಧ ಇವೆ. ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ? ನಮ್ಮ ಓಣಿಯ ಕಸದ ಗಾಡಿ ಹೊಂಡದ ಮೂಲೆಯವರೆಗೆ ಏಕೆ ಬರುವುದಿಲ್ಲ? ಹಳೆಯ ತೆರಿಗೆ ರಸೀದಿಗಳ ನಕಲು ನಿಮ್ಮ ಕಡತಗಳಲ್ಲಿ ಸಿಗುತ್ತದೆಯೇ, ಗೆದ್ದಲು ತಿಂದವರಿಗೆ ಇನ್ನೊಂದು ಪ್ರತಿ ಕೊಡಿಸುತ್ತೀರಾ? ಚಾಲುಕ್ಯರ ಬಗ್ಗೆ ಅವರು ಮಾತು ತೆಗೆದರೆ ಹಿತ್ತಲಿಗೆ ಕರೆದುಕೊಂಡು ಹೋಗಿ ಆ ಕಲ್ಲನ್ನು ತೋರಿಸುತ್ತೇನೆ. ಗೋಡೆ ಈಗ ಎದ್ದಿದೆ, ಗಿಲಾವು ಇನ್ನೂ ಆಗಿಲ್ಲ.