ಒಂಟಿ ಜಟ್ಟಿಯೂ ಮೂವರ ಲೆಕ್ಕವೂ

ಕಳೆದ ಭಾನುವಾರ ಬೇಲೂರು ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗ ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಹಳೆಯ ಪಂದ್ಯವೊಂದನ್ನು ನೋಡುತ್ತಿದ್ದ. ಅದು ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇ ನಡೆಸುವ ಸಮ್ಮರ್‌ಸ್ಲ್ಯಾಮ್‌ನ 2010ರ ಪಂದ್ಯ. ಜಾನ್ ಸೀನ ಕೊನೆಗೆ ಉಳಿದ ಇಬ್ಬರು ಎದುರಾಳಿಗಳನ್ನು ಒಬ್ಬನೇ ಸೋಲಿಸಿದ ಕೂಡಲೇ ಹುಡುಗ ತಲೆಯೆತ್ತಿ, "ಮಾವ, ಬರೀ ನೆಲಕ್ಕೆ ತಲೆ ಹೊಡ್ಸಿದ್ರಲ್ಲ, ಇಷ್ಟು ಬೇಗ ಹೆಂಗೆ ಎದ್ದ ಇವ್ನು?" ಎಂದು ಕೇಳಿದ. ಅವನಿಗೆ ಸೀನ ಎಂದರೆ ಪ್ರಾಣ. ಆದರೂ ಆ ಗೆಲುವು ಅವನಿಗೆ ಒಪ್ಪಿಗೆಯಾಗಿರಲಿಲ್ಲ. ಅಂದು ಅವನಿಗೆ ಅರ್ಧಂಬರ್ಧ ಉತ್ತರ ಕೊಟ್ಟು ಹಾಸನಕ್ಕೆ ಮರಳಿದೆ; ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕುಸ್ತಿಯ ಫಲಿತಾಂಶಗಳು ಮೊದಲೇ ತೀರ್ಮಾನವಾಗಿರುತ್ತವೆ ಎನ್ನುವುದು ನನಗೂ ಗೊತ್ತು, ಆ ಹುಡುಗನಿಗೂ ಗೊತ್ತು. ಆದ್ದರಿಂದಲೇ ಇಲ್ಲಿ ಯಾರು ಬಲಶಾಲಿ ಎಂಬುದಕ್ಕಿಂತ ಕಥೆ ನ್ಯಾಯವಾಗಿ ನಡೆಯಿತೇ ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ. ಒಬ್ಬ ನಾಯಕ ಒಂದು ಗುಂಪನ್ನು ಎದುರಿಸುವ ಕಥೆಯಲ್ಲಂತೂ ಇದನ್ನು ಕೇಳಲೇಬೇಕು, ಏಕೆಂದರೆ ಆ ಕಥೆಗೆ ಆಧಾರವೇ ಸಂಖ್ಯೆ. ಎದುರಿಗೆ ಮೂವರಿದ್ದಾರೆ ಎಂದು ಹೇಳಿದ ಮೇಲೆ ಆ ಮೂವರ ಭಾರ ನಮಗೆ ತಟ್ಟಬೇಕು. ತಟ್ಟದಿದ್ದರೆ ಮೂವರನ್ನು ಕರೆತಂದ ಶ್ರಮವೆಲ್ಲ ನೀರಿನಲ್ಲಿ ಹುಣಸೆ ತೊಳೆದಂತೆ.

2010ರ ಜೂನ್ 7ರಂದು ಡಬ್ಲ್ಯೂಡಬ್ಲ್ಯೂಇಯ ರಾ ಎಂಬ ವಾರದ ಟಿವಿ ಕಾರ್ಯಕ್ರಮಕ್ಕೆ ಎಂಟು ಮಂದಿ ಹೊಸಬರು ವೇಡ್ ಬ್ಯಾರೆಟ್‌ನ ಮುಂದಾಳತ್ವದಲ್ಲಿ ಒಟ್ಟಾಗಿ ನುಗ್ಗಿದರು. ಸೀನನನ್ನೂ ಸಿಎಂ ಪಂಕ್‌ನನ್ನೂ ಹೊಡೆದು ಕೆಡವಿದರು, ರಿಂಗಿನ ಸುತ್ತ ಕೆಲಸ ಮಾಡುತ್ತಿದ್ದವರನ್ನೂ ಬಿಡಲಿಲ್ಲ, ರಿಂಗನ್ನೇ ಕಿತ್ತು ಹಾಳುಗೆಡವಿದರು. ನೆಕ್ಸಸ್ ಎಂಬ ಹೆಸರು ಪಡೆದ ಆ ಗುಂಪಿನ ಒಬ್ಬೊಬ್ಬನನ್ನೂ ಬಿಡಿಯಾಗಿ ತೆಗೆದುಕೊಂಡರೆ ಯಾರೂ ದೊಡ್ಡ ಮಲ್ಲರಲ್ಲ. ಅವರ ಶಕ್ತಿಯೆಲ್ಲ ಒಟ್ಟಿಗೆ ಬರುವುದರಲ್ಲಿತ್ತು, ಮತ್ತು ಆ ಎರಡು ತಿಂಗಳು ಅದನ್ನು ಬಹಳ ಚೆನ್ನಾಗಿ ತೋರಿಸಿದರು. ಆಗಸ್ಟ್ 15ರಂದು ಲಾಸ್ ಏಂಜಲೀಸ್‌ನಲ್ಲಿ ಏಳು ಜನರ ಎದುರು ಏಳು ಜನರ, ಸೋತವರು ಒಬ್ಬೊಬ್ಬರಾಗಿ ಹೊರಬೀಳುವ ಪಂದ್ಯ ನಡೆದು, ಕೊನೆಗೆ ಒಂದು ಕಡೆ ಸೀನ, ಇನ್ನೊಂದು ಕಡೆ ಬ್ಯಾರೆಟ್ ಮತ್ತು ಜಸ್ಟಿನ್ ಗೇಬ್ರಿಯಲ್ ಉಳಿದರು. ರಿಂಗಿನ ಹೊರಗಿನ ಹಾಸನ್ನು ಸರಿಸಿ, ಬರಿಯ ಕಾಂಕ್ರೀಟಿನ ಮೇಲೆ ಸೀನನ ತಲೆಯನ್ನು ಅಪ್ಪಳಿಸಿದರು. ಅಲ್ಲಿಗೆ ಕಥೆ ಮುಗಿಯಿತು ಎಂದು ನೋಡುವವರೆಲ್ಲ ಅಂದುಕೊಂಡಿದ್ದಾಗ, ಗೇಬ್ರಿಯಲ್ ಮೇಲಿನ ಹಗ್ಗದಿಂದ ಹಾರಿ ಗುರಿ ತಪ್ಪಿದ. ಸೀನ ಅವನನ್ನು ಚಿತ್ತು ಮಾಡಿದ. ತಕ್ಷಣವೇ ಬ್ಯಾರೆಟ್‌ನನ್ನು ಪಟ್ಟಿಗೆ ಸಿಕ್ಕಿಸಿ ಸೋಲೊಪ್ಪಿಸಿದ. ಎರಡು ತಿಂಗಳು ಕಟ್ಟಿದ ಭಯ ಕೆಲವೇ ನಿಮಿಷಗಳಲ್ಲಿ ಕರಗಿಹೋಯಿತು. ಆಮೇಲೆ ನೆಕ್ಸಸ್ ಎಷ್ಟೇ ಸಲ ಬಂದು ಮುತ್ತಿದರೂ ಆ ಮೊದಲ ದಿನದ ನಡುಕ ಮರಳಿ ಬರಲಿಲ್ಲ.

ಸೀನ ಗೆದ್ದನಲ್ಲ ಎಂಬುದು ನನ್ನ ತಕರಾರಲ್ಲ. ಅವನು ಬೆಲೆ ತೆರದೆ ಗೆದ್ದ ಎಂಬುದು ನನ್ನ ತಕರಾರು. ಗುಂಪು ಅಗ್ಗವಾದರೆ ಅದನ್ನು ಗೆದ್ದವನೂ ಅಗ್ಗವಾಗುತ್ತಾನೆ.

ಇದಕ್ಕೆ ಎದುರಾಗಿ ನಾನು ಸದಾ ಇಟ್ಟು ನೋಡುವುದು 2003ರ ನವೆಂಬರ್ 16ರಂದು ಡಲ್ಲಾಸ್‌ನಲ್ಲಿ ನಡೆದ ಸರ್ವೈವರ್ ಸೀರೀಸ್ ಪಂದ್ಯವನ್ನು. ರಾ ಕಾರ್ಯಕ್ರಮದ ಆಡಳಿತವನ್ನು ಹಂಚಿಕೊಂಡಿದ್ದ ಇಬ್ಬರಲ್ಲಿ ಸ್ಟೀವ್ ಆಸ್ಟಿನ್‌ನ ಪರವಾಗಿ ಐವರು, ಎರಿಕ್ ಬಿಷಫ್‌ನ ಪರವಾಗಿ ಐವರು. ಆಸ್ಟಿನ್‌ನ ತಂಡ ಸೋತರೆ ಅವನು ತನ್ನ ಹುದ್ದೆ ಬಿಟ್ಟು ಹೋಗಬೇಕು ಎಂಬುದು ಪಣ. ಆಸ್ಟಿನ್‌ನ ಕಡೆಯವರು ಒಬ್ಬೊಬ್ಬರಾಗಿ ಹೊರಬಿದ್ದು ಶಾನ್ ಮೈಕಲ್ಸ್ ಒಬ್ಬನೇ ಉಳಿದಾಗ, ಎದುರಿಗೆ ಕ್ರಿಸ್ಟಿಯನ್, ಕ್ರಿಸ್ ಜೆರಿಕೊ, ರ್‍ಯಾಂಡಿ ಆರ್ಟನ್ ಮೂವರೂ ನಿಂತಿದ್ದರು.

ಆ ಪಂದ್ಯವನ್ನು ನಾನು ದೊಡ್ಡಪ್ಪನ ಮನೆಯಲ್ಲಿ ನೋಡಿದೆ. ದೊಡ್ಡಪ್ಪ ಪ್ರಾಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ಜಾತ್ರೆಯ ಕುಸ್ತಿಗಳಲ್ಲಿ ಮಟ್ಟಿಗೆ ಇಳಿದವರು. ಟಿವಿಯಲ್ಲಿ ಬರುವ ಈ ಕುಸ್ತಿ ಅವರಿಗೆ ಹಿಡಿಸುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಬಾಗಿಲ ಬಳಿ ನಿಂತವರು, ಮೂವರು ಸರದಿಯ ಮೇಲೆ ಮೈಕಲ್ಸ್‌ನನ್ನು ಬಡಿಯುವುದನ್ನು ನೋಡಿ ಸಿಟ್ಟಾದರು.

"ಏನ್ಲಾ ಇದು? ಮೂರ್ ಜನ ಒಬ್ಬನ್ ಮೇಲೆ ಬಿದ್ರೆ ಅದು ಕುಸ್ತಿಯೇನ್ಲಾ?"

"ಇದು ಕುಸ್ತಿ ಅಲ್ಲ ದೊಡ್ಡಪ್ಪ, ಒಂಥರಾ ಆಟ ಅಷ್ಟೇ" ಎಂದೆ.

"ಆಟ ಅನ್ನು ಮತ್ತೆ. ಇದು ಅಭಿಮನ್ಯು ಪ್ರಸಂಗ" ಎಂದವರೇ ಬಂದು ಚಾಪೆಯ ಮೇಲೆ ಕುಳಿತರು. ಅಲ್ಲಿಂದ ಪಂದ್ಯ ಮುಗಿಯುವವರೆಗೂ ಏಳಲಿಲ್ಲ. ಲೋಟದಲ್ಲಿದ್ದ ಕಾಫಿ ಆರಿ ಕೆನೆ ಕಟ್ಟಿತ್ತು.

ಅವರು ಒಂದೇ ಮಾತಿನಲ್ಲಿ ಹೇಳಿದ್ದನ್ನು ಬಿಡಿಸಿ ನೋಡಲು ನನಗೆ ವರ್ಷಗಳೇ ಬೇಕಾದವು. ನಮ್ಮ ನಾಡಕುಸ್ತಿಯ ಮಟ್ಟಿಯಲ್ಲಿ ಯಾವಾಗಲೂ ಇಬ್ಬರೇ ಇರುತ್ತಾರೆ. ಅಲ್ಲಿ ಒಬ್ಬನ ಮೇಲೆ ಹಲವರು ಎಂಬ ಮಾತೇ ಹುಟ್ಟುವುದಿಲ್ಲ. ಹಾಗಾಗಿ ಅಮೆರಿಕದ ಈ ಕುಸ್ತಿಯ ಗುಂಪಿನ ಕಥೆಗೆ ನಮ್ಮಲ್ಲಿ ಹೋಲಿಕೆ ಹುಡುಕುವುದಾದರೆ ಗರಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಬಯಲಾಟದ ರಂಗಸ್ಥಳದಲ್ಲಿ ಹುಡುಕಬೇಕು. ಚಕ್ರವ್ಯೂಹದ ಕಥೆಯಲ್ಲಿ ಅಭಿಮನ್ಯುವನ್ನು ಕೊಂದದ್ದು ಆರು ಮಹಾರಥರ ಬಲ ಮಾತ್ರವಲ್ಲ. ಅವನ ಹಿಂದೆಯೇ ಒಳಗೆ ಬರಬೇಕಾಗಿದ್ದ ಪಾಂಡವರನ್ನು ಬಾಗಿಲಲ್ಲೇ ತಡೆದ ಸೈಂಧವನಿಲ್ಲದಿದ್ದರೆ ಆ ಆರು ಜನಕ್ಕೆ ಅವನು ಒಂಟಿಯಾಗಿ ಸಿಗುತ್ತಲೇ ಇರಲಿಲ್ಲ. ಇಬ್ಬರ ಎದುರು ಇಬ್ಬರು ಸರದಿಯ ಮೇಲೆ ಆಡುವ ಜೋಡಿ ಪಂದ್ಯಗಳನ್ನು ನೋಡಿದವರಿಗೆ ಈ ಸೈಂಧವ ಚೆನ್ನಾಗಿ ಗೊತ್ತು. ತನ್ನ ಜೊತೆಗಾರ ಖಳರ ಮೂಲೆಯಲ್ಲಿ ಏಟು ತಿನ್ನುತ್ತಿರುವುದನ್ನು ಕಂಡು ತಡೆಯಲಾರದೆ ಹಗ್ಗ ದಾಟಿ ಒಳಗೆ ಬರುವ ಇನ್ನೊಬ್ಬನನ್ನು, ನಿಯಮದ ಹೆಸರಿನಲ್ಲಿ ರೆಫರಿ ತಡೆದು ಹಿಂದಕ್ಕೆ ತಳ್ಳುತ್ತಾನೆ. ಅವನು ಹಾಗೆ ಬೆನ್ನು ತಿರುಗಿಸಿದಷ್ಟು ಹೊತ್ತು ಖಳರು ಇಬ್ಬರೂ ಸೇರಿ ಬಡಿಯುತ್ತಾರೆ. ರೆಫರಿ ಮೋಸಗಾರನಾಗಿರಬೇಕಿಲ್ಲ, ಅವನು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುವುದರಿಂದಲೇ ಅನ್ಯಾಯ ನಡೆಯುತ್ತದೆ. ನೋಡುವವರ ಹೊಟ್ಟೆಯಲ್ಲಿ ಬೆಂಕಿ ಹಚ್ಚುವ ವಿದ್ಯೆ ಇದು. ಇದರ ಮುಂದೆ ಸಿಡಿಮದ್ದು, ಬೆಳಕು, ಭಾರಿ ಸಂಗೀತ ಯಾವುದೂ ನಿಲ್ಲುವುದಿಲ್ಲ.

ಸಂಖ್ಯೆಯ ಭಾರವನ್ನು ನಿಯಮದೊಳಗೇ ಕೂರಿಸಿದ ಇನ್ನೊಂದು ಒಳ್ಳೆಯ ಉದಾಹರಣೆ ವಾರ್‌ಗೇಮ್ಸ್. ಡಸ್ಟಿ ರೋಡ್ಸ್ ರೂಪಿಸಿದ ಈ ಪಂದ್ಯ 1987ರ ಜುಲೈ 4ರಂದು ಅಟ್ಲಾಂಟಾದಲ್ಲಿ ಮೊದಲ ಬಾರಿಗೆ ನಡೆಯಿತು. ಎರಡು ರಿಂಗುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಎರಡನ್ನೂ ಒಂದೇ ಪಂಜರದಲ್ಲಿ ಮುಚ್ಚುತ್ತಾರೆ. ಆಗಿನ ನಿಯಮದಂತೆ ಮೊದಲು ಒಬ್ಬನ ಎದುರು ಒಬ್ಬ. ಬಳಿಕ ನಾಣ್ಯ ಚಿಮ್ಮಿ ಗೆದ್ದ ತಂಡದಿಂದ ಇನ್ನೊಬ್ಬ ಒಳಗೆ ಬರುತ್ತಿದ್ದ. ಆಮೇಲೆ ಎರಡೂ ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಕಳುಹಿಸುತ್ತಿದ್ದವು. ಆ ನಾಣ್ಯ ಬಹುತೇಕ ಯಾವಾಗಲೂ ಖಳರ ಕಡೆಗೇ ಬೀಳುತ್ತಿತ್ತು. ಹಾಗೆ ಬೀಳದಿದ್ದರೆ ಕಥೆಯೇ ಇಲ್ಲ. ಒಟ್ಟು ಸಂಖ್ಯೆ ಸಮವಾಗಿದ್ದರೂ ಎರಡೆರಡು ನಿಮಿಷ ನಾಯಕನ ಕಡೆಯವರು ಒಬ್ಬ ಕಡಿಮೆಯಾಗಿಯೇ ಹೋರಾಡಬೇಕಿತ್ತು. ಗಡಿಯಾರ ಓಡುತ್ತಿರುತ್ತದೆ, ಬಾಗಿಲ ಹೊರಗೆ ಗೆಳೆಯ ಚಡಪಡಿಸುತ್ತಿರುತ್ತಾನೆ. ಈ ಕಾಯುವಿಕೆಯೇ ಪಂದ್ಯದ ಜೀವಾಳ.

ಡಲ್ಲಾಸ್‌ಗೆ ಮರಳುತ್ತೇನೆ. ಮೈಕಲ್ಸ್‌ನ ಮುಖ ಅಷ್ಟು ಹೊತ್ತಿಗೆ ಪೂರ್ತಿ ರಕ್ತವಾಗಿತ್ತು. ಅವನು ನಿಲ್ಲಲೂ ಹಗ್ಗವನ್ನು ಹಿಡಿಯಬೇಕಾಗಿತ್ತು. ಮೂವರನ್ನೂ ಒಟ್ಟಿಗೆ ಹೊಡೆದುರುಳಿಸುವ ಶೂರತನವನ್ನು ಅವನ ಕೈಯಲ್ಲಿ ಮಾಡಿಸಲಿಲ್ಲ. ಎಲ್ಲಿಂದಲೋ ಒಂದು ಒದೆತ ಬಂತು, ಕ್ರಿಸ್ಟಿಯನ್ ಹೊರಬಿದ್ದ. ಮತ್ತೆ ಬಹಳ ಹೊತ್ತು ಬರೀ ಏಟು. ಜೆರಿಕೊ ಕೂಡ ಹೊರಬಿದ್ದ. ಪ್ರತಿ ಸಲವೂ ಗೆದ್ದವನಿಗೇ ತಾನು ಗೆದ್ದದ್ದು ತಡವಾಗಿ ತಿಳಿದಂತೆ ಕಾಣುತ್ತಿತ್ತು. ಇನ್ನು ಆರ್ಟನ್ ಒಬ್ಬನೇ ಉಳಿದಿದ್ದಾನೆ, ಲೆಕ್ಕ ಸಮವಾಯಿತು ಎಂದು ನಾನು ಎದ್ದು ನಿಂತಿದ್ದೆ. ಆಗ ಪಂದ್ಯಕ್ಕೆ ಸಂಬಂಧವೇ ಇಲ್ಲದ ಬಟಿಸ್ಟಾ ಬಂದು ಮೈಕಲ್ಸ್‌ನನ್ನು ಎತ್ತಿ ಕುಕ್ಕಿದ. ಆರ್ಟನ್ ಅವನ ಮೇಲೆ ಕೈ ಹಾಕಿ ಮೂರು ಎಣಿಸಿಕೊಂಡ. ಮೈಕಲ್ಸ್ ಸೋತ, ಆಸ್ಟಿನ್ ಹುದ್ದೆ ಕಳೆದುಕೊಂಡ. ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗಂಡು ಕಣ್ಲಾ ಅವ್ನು" ಎಂದು ಎದ್ದು ಹೋದರು. ಗೆದ್ದ ಹುಡುಗನ ಹೆಸರನ್ನು ಅವರು ಕೇಳಲೇ ಇಲ್ಲ.

ಆ ಮಾತು ನನಗೆ ಆಶ್ಚರ್ಯ ತರಲಿಲ್ಲ. ನಮ್ಮೂರ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಇಂಥ ಕಲ್ಲುಗಳು ಸಾಕಷ್ಟಿವೆ. ನಮ್ಮದರ ಕೆಳಗಿನ ಪಟ್ಟಿಯಲ್ಲಿ ಒಬ್ಬ ವೀರ ದೊಡ್ಡದಾಗಿ ನಿಂತಿದ್ದಾನೆ, ಅವನ ಎದುರಿಗೆ ನಾಲ್ವರು ಚಿಕ್ಕದಾಗಿದ್ದಾರೆ, ಹಿಂದೆ ಎರಡು ದನಗಳ ತಲೆ ಕಾಣುತ್ತದೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕುಳಿತಿದ್ದಾನೆ. ಮಳೆಗೆ ಅವನ ಮುಖ ಸವೆದುಹೋಗಿದೆ, ಆದರೆ ಮುಂದೆ ಚಾಚಿದ ಕಾಲಿನ ಬಿಗಿ ಇನ್ನೂ ಹಾಗೆಯೇ ಇದೆ. ಊರಿನ ತುರುಗಳನ್ನು ಬಿಡಿಸಲು ಹೋಗಿ ಮಡಿದವನ ನೆನಪಿಗೆ ನೆಟ್ಟ ಕಲ್ಲು ಅದು. ಹಲವರೆದುರು ಒಬ್ಬನೇ ನಿಂತು ಮಡಿದವನಿಗೆ ಕಲ್ಲು ನೆಟ್ಟು ಪೂಜಿಸಿದ ಸೀಮೆಯವರಿಗೆ, ಸೋತ ಮೈಕಲ್ಸ್ ದೊಡ್ಡವನಾಗಿ ಕಾಣುವುದು ಸಹಜವೇ.

ಹಾಗೆಂದು ಒಂಟಿ ನಾಯಕ ಯಾವಾಗಲೂ ಸೋಲಬೇಕು ಎಂದು ನಾನು ಹೇಳುತ್ತಿಲ್ಲ. ನಾನು ನೋಡಿದ ಗೆಲುವುಗಳಲ್ಲಿ ಅತ್ಯುತ್ತಮವಾದದ್ದು 2014ರ ಏಪ್ರಿಲ್ 6ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಮೂವತ್ತನೆಯ ರೆಸಲ್‌ಮೇನಿಯಾದಲ್ಲಿ ಡೇನಿಯಲ್ ಬ್ರಯಾನ್ ಪಡೆದದ್ದು. ಹಿಂದಿನ ವರ್ಷದ ಆಗಸ್ಟಿನಲ್ಲಿ ಅವನು ಸೀನನನ್ನು ಸೋಲಿಸಿ ಚಾಂಪಿಯನ್ ಬೆಲ್ಟ್ ಗೆದ್ದ ಕೂಡಲೇ, ರೆಫರಿಯಾಗಿದ್ದ, ಕಂಪನಿಯ ಆಡಳಿತದಲ್ಲಿದ್ದ ಟ್ರಿಪಲ್ ಎಚ್ ಅವನನ್ನು ಕೆಡವಿ ಆರ್ಟನ್‌ಗೆ ಆ ಬೆಲ್ಟ್ ಕೊಡಿಸಿದ್ದ. ಅಲ್ಲಿಂದ ಸುಮಾರು ಎಂಟು ತಿಂಗಳು ಕಂಪನಿಯ ಯಜಮಾನಿಕೆಯೇ ಒಂದು ಗುಂಪಾಗಿ ಅವನ ಮೇಲೆ ಬಿದ್ದಿತ್ತು. ಆ ರಾತ್ರಿ ಅವನು ಮೊದಲು ಟ್ರಿಪಲ್ ಎಚ್‌ನನ್ನು ಸೋಲಿಸಬೇಕಾಯಿತು. ಸೋಲಿಸಿದ ಮೇಲೆ ಪೆಟ್ಟಾದ ಅವನ ಭುಜಕ್ಕೆ ಕುರ್ಚಿಯೇಟು ಬಿತ್ತು. ಅದೇ ಭುಜವನ್ನು ಹೊತ್ತು ಕೊನೆಯ ಪಂದ್ಯದಲ್ಲಿ ಆರ್ಟನ್ ಮತ್ತು ಬಟಿಸ್ಟಾ ಇಬ್ಬರನ್ನೂ ಎದುರಿಸಿದ. ಅವರಿಬ್ಬರೂ ಸೇರಿ ಅವನನ್ನು ಮೇಜಿನ ಮೇಲೆ ಅಪ್ಪಳಿಸಿದಾಗ ಸ್ಟ್ರೆಚರ್ ತಂದರು. ಅವನು ಅದರಿಂದ ಇಳಿದು ಮತ್ತೆ ರಿಂಗಿಗೆ ಬಂದ. ಕೊನೆಗೆ ಬಟಿಸ್ಟಾ ಸೋಲೊಪ್ಪಿಕೊಂಡ. ಸೀನ ಎದ್ದದ್ದಕ್ಕೂ ಬ್ರಯಾನ್ ಎದ್ದದ್ದಕ್ಕೂ ಇರುವ ಅಂತರ ಇಲ್ಲಿದೆ: ಬ್ರಯಾನ್‌ನ ಒಂದೊಂದು ಏಟೂ ಮುಂದಿನ ಗಳಿಗೆಯಲ್ಲಿ ಉಳಿದುಕೊಂಡಿತ್ತು. ಅವನು ಭುಜದ ನೋವನ್ನು ಹೊತ್ತೇ ಗೆದ್ದ.

ಕಾಯಿಸಿ ಕಾಯಿಸಿ ಕೊನೆಯಲ್ಲಿ ಕೈಕೊಟ್ಟ ಕಥೆಯೂ ಇದೆ. ಡಬ್ಲ್ಯೂಸಿಡಬ್ಲ್ಯೂ ಎಂಬ ಇನ್ನೊಂದು ಕುಸ್ತಿ ಕಂಪನಿಯಲ್ಲಿ 1996ರ ಜುಲೈನಲ್ಲಿ ಹುಟ್ಟಿದ ಎನ್‌ಡಬ್ಲ್ಯೂಒ ಗುಂಪಿನ ವಿರುದ್ಧ ಸ್ಟಿಂಗ್ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾಡಿನ ತೊಲೆಗಳ ಮೇಲಿಂದ ಮೌನವಾಗಿ ನೋಡುತ್ತ ನಿಂತಿದ್ದ. 1997ರ ಡಿಸೆಂಬರ್ 28ರಂದು ಆ ಗುಂಪಿನ ನಾಯಕ ಹಲ್ಕ್ ಹೋಗನ್‌ನನ್ನು ಎದುರಿಸಿದಾಗ, ರೆಫರಿ ಬೇಗ ಎಣಿಸಿದ ಎಂಬ ನೆಪದ ಸುತ್ತ ಕಟ್ಟಿದ ಮುಕ್ತಾಯ ಗೊಂದಲವಾಯಿತು, ಏಕೆಂದರೆ ಆ ಎಣಿಕೆ ಬೇಗವಾಗಿರಲೇ ಇಲ್ಲ. ಅಷ್ಟು ದಿನ ಕಾದವರಿಗೆ ಸ್ಟಿಂಗ್ ನೆಟ್ಟಗೆ ಸೋತು, ಆಮೇಲೆ ಗೆದ್ದಂತೆ ಕಂಡಿತು. ಹೆಚ್ಚು ಬರೆದರೆ ನನಗೇ ಸಂಕಟವಾಗುತ್ತದೆ.

ಇನ್ನು ಅಕ್ಕನ ಮಗನ ಕಾಲದ ಗುಂಪೆಂದರೆ ಒಂದೇ ಕುಟುಂಬದವರ ಬ್ಲಡ್‌ಲೈನ್. ರೋಮನ್ ರೇನ್ಸ್ 1,316 ದಿನ ಬೆಲ್ಟ್ ಉಳಿಸಿಕೊಂಡದ್ದು ಆ ಕುಟುಂಬದ ಬಲದಿಂದ. 2023ರಲ್ಲಿ ಕೋಡಿ ರೋಡ್ಸ್ ಅವನನ್ನು ಸೋಲಿಸಿಯೇಬಿಟ್ಟ ಎನ್ನುವ ಹೊತ್ತಿಗೆ ಅದೇ ಗುಂಪಿನ ಸೋಲೊ ಸಿಕೋವ ಬಂದು ಕೆಡಿಸಿದ. 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ಕೋಡಿ ಗೆದ್ದಾಗ ಅವನ ನೆರವಿಗೆ ಸೀನ, ಅಂಡರ್‌ಟೇಕರ್ ಎಲ್ಲರೂ ಬಂದರು. ಹಾಗಾಗಿ ಅದು ಒಂಟಿಯ ಗೆಲುವಲ್ಲ, ದಂಡಿಗೆ ಎದುರಾಗಿ ದಂಡು ಬಂದದ್ದು ಎಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಪಂದ್ಯದ ತಿರುವು ನೆರವಿನಿಂದ ಬರಲಿಲ್ಲ. ಸೆತ್ ರಾಲಿನ್ಸ್, ಒಂದು ಕಾಲಕ್ಕೆ ತಾನೂ ರೇನ್ಸ್ ಕೂಡ ಇದ್ದ ಶೀಲ್ಡ್ ತಂಡದ ಉಡುಪಿನಲ್ಲಿ ಬಂದಿದ್ದ. ಹತ್ತು ವರ್ಷಗಳ ಹಿಂದೆ ಕುರ್ಚಿಯಿಂದ ಹೊಡೆದು ಆ ತಂಡವನ್ನು ಒಡೆದಿದ್ದವನು ಅವನೇ. ರೇನ್ಸ್ ಕೈಯಲ್ಲಿ ಕುರ್ಚಿ ಇತ್ತು, ಎದುರಿಗೆ ಕೋಡಿ ಇದ್ದ, ಪಕ್ಕದಲ್ಲಿ ರಾಲಿನ್ಸ್ ಬೆನ್ನು ತಿರುಗಿಸಿಕೊಂಡಿದ್ದ. ಬೆಲ್ಟ್ ಉಳಿಸಿಕೊಳ್ಳುವುದನ್ನು ಬಿಟ್ಟು ರೇನ್ಸ್ ಹಳೆಯ ಸೇಡನ್ನು ಆರಿಸಿಕೊಂಡ. ಆ ಒಂದು ಏಟಿಗೆ ಕಳೆದ ಹೊತ್ತು ಕೋಡಿಗೆ ಸಾಕಾಯಿತು. ಗುಂಪನ್ನು ಹೊರಗಿನವನು ಮುರಿಯುವುದಕ್ಕಿಂತ ಒಳಗಿನ ಬಿರುಕು ಮುರಿಯುವುದು ಹೆಚ್ಚು ನಂಬುವಂತಿರುತ್ತದೆ. ಒಟ್ಟಿಗೆ ಇರುವುದೇ ಗುಂಪಿನ ಬಲವೆಂದಾದರೆ ಅದರ ಮರ್ಮಸ್ಥಾನವೂ ಅಲ್ಲಿಯೇ ಇರಬೇಕಲ್ಲವೇ?

ಇದನ್ನೆಲ್ಲ ಬರೆಯುವ ಮೊದಲು ನಿನ್ನೆ ಸಂಜೆ ಹುಡುಗನಿಗೆ ಡಲ್ಲಾಸ್‌ನ ಪಂದ್ಯವನ್ನು ಕಳುಹಿಸಿ, ಯಾರು ಗೆಲ್ಲುತ್ತಾರೆಂದು ಹೇಳದೆ, ಪೂರ್ತಿ ನೋಡು ಎಂದಷ್ಟೇ ತಿಳಿಸಿದ್ದೆ. ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. "ಮಾವ, ಬಟಿಸ್ಟಾ ಯಾಕೆ ಬರ್ಬೇಕಿತ್ತು?" ಎಂದ. ಧ್ವನಿಯಲ್ಲಿ ದೊಡ್ಡಪ್ಪನದೇ ಸಿಟ್ಟು. ನಾನು ಉತ್ತರ ಕೊಡುವಷ್ಟರಲ್ಲಿ, "ಇರಿ, ಕ್ರಿಸ್ಟಿಯನ್‌ಗೆ ಒದ್ದಿದ್ದು ಇನ್ನೊಂದ್ ಸಲ ನೋಡ್ತೀನಿ" ಎಂದು ಫೋನಿಟ್ಟ.